ಮನೆ ತೆರಿಗೆ ಏರಿತು, ಶಾಲೆಯ ಜೇಬು ಮಾತ್ರ ಖಾಲಿ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ಊರಿನ ಸುತ್ತ. ಟೆಕ್ಸಾಸಿನ ಡಾಲಸ್‌ಗೆ ಉತ್ತರದಲ್ಲಿರುವ ಫ್ರಿಸ್ಕೊ. ಶನಿವಾರ ಅಲ್ಲಿನ ಕಾರ್ಯಸಿದ್ಧಿ ಹನುಮಾನ್ ದೇವಸ್ಥಾನದ ಪಾರ್ಕಿಂಗ್‌ನಲ್ಲಿ ಐದು ನಿಮಿಷ ನಿಂತರೆ ಹಾಸನದ ಕನ್ನಡವೂ ಕಿವಿಗೆ ಬೀಳುತ್ತದೆ, ಹುಬ್ಬಳ್ಳಿ ಕನ್ನಡವೂ ಬೀಳುತ್ತದೆ. ಮಾತು ಮಾತ್ರ ಒಂದೇ, ಮಕ್ಕಳ ಶಾಲೆ. ನಾನೂ ಅಲ್ಲೇ ಹತ್ತಿರದಲ್ಲಿ ಇರುವವನು. ಹಾಗಾಗಿ ಈ ಸಂಚಿಕೆಯನ್ನು ಪೂರ್ತಿ ಅದಕ್ಕೇ ಬಿಟ್ಟಿದ್ದೇನೆ.

ಪ್ರಶ್ನೆ: ನಾನು ತುಮಕೂರು ಕಡೆಯ ನಿವೃತ್ತ ಮೇಷ್ಟ್ರು. ಮಗನ ಮನೆಗೆ ಬಂದು ಎರಡು ತಿಂಗಳಾಯಿತು. ಇಲ್ಲಿ ಬಿಇಒ ಯಾರು, ಡಿಡಿಪಿಐ ಯಾರು ಅಂತ ಕೇಳಿದರೆ ಸೊಸೆ "ಐಎಸ್‌ಡಿ" ಅಂತಾಳೆ. ಏನದು?

ಉತ್ತರ: ಮೇಷ್ಟ್ರೇ, ನಮಸ್ಕಾರ. ಐಎಸ್‌ಡಿ ಅಂದರೆ ಇಂಡಿಪೆಂಡೆಂಟ್ ಸ್ಕೂಲ್ ಡಿಸ್ಟ್ರಿಕ್ಟ್. ಶಾಲೆಗೆ ಅಂತಲೇ ಇರುವ ಒಂದು ಪಂಚಾಯಿತಿ ಅಂದುಕೊಳ್ಳಿ. ಊರಿನ ಮೇಯರ್‌ಗೂ ಇದಕ್ಕೂ ಸಂಬಂಧವಿಲ್ಲ. ಇದರ ಗಡಿ ಬೇರೆ, ಚುನಾವಣೆ ಬೇರೆ, ತೆರಿಗೆ ಬೇರೆ, ಸಾಲವೂ ಬೇರೆ. ನಮ್ಮ ಎಸ್‌ಡಿಎಂಸಿಗೆ ಮೇಷ್ಟ್ರನ್ನು ನೇಮಿಸುವ ಅಧಿಕಾರವಿಲ್ಲ, ತೆರಿಗೆ ಹಾಕುವ ಅಧಿಕಾರವಂತೂ ಕನಸಿನಲ್ಲೂ ಇಲ್ಲ. ಇವರಿಗೆ ಎರಡೂ ಇದೆ.

ನಡೆಸುವವರು 7 ಜನ ಟ್ರಸ್ಟಿಗಳು. 3 ವರ್ಷದ ಅವಧಿ, ಸಂಬಳ ಇಲ್ಲ. ಅವರು ಸೇರಿ ಒಬ್ಬ ಸೂಪರಿಂಟೆಂಡೆಂಟನ್ನು ನೇಮಿಸುತ್ತಾರೆ, ದಿನನಿತ್ಯದ ಕೆಲಸವೆಲ್ಲ ಆ ಅಧಿಕಾರಿಯ ತಲೆ ಮೇಲೆ. ಪಠ್ಯದ ಮಟ್ಟ ಮತ್ತು ಪರೀಕ್ಷೆ ಮಾತ್ರ ರಾಜಧಾನಿ ಆಸ್ಟಿನ್‌ನಿಂದ ಬರುತ್ತದೆ. ಇನ್ನೊಂದು ವಿಷಯ ನಿಮಗೆ ಖುಷಿ ಕೊಡಬಹುದು, ಇಲ್ಲಿ ವರ್ಗಾವಣೆ ಕೌನ್ಸೆಲಿಂಗ್ ಅನ್ನೋದೇ ಇಲ್ಲ. ಟೀಚರು ಡಿಸ್ಟ್ರಿಕ್ಟಿನ ನೌಕರರು. ಬೇರೆ ಊರು ಬೇಕಾದರೆ ರಾಜೀನಾಮೆ ಕೊಟ್ಟು ಅಲ್ಲಿ ಅರ್ಜಿ ಹಾಕಬೇಕು. ನಿಮ್ಮ ಕಾಲದಲ್ಲಿ ಗಡಿ ತಾಲ್ಲೂಕಿಗೆ ಎತ್ತಿ ಹಾಕುತ್ತಾರೆ ಅಂತ ಇದ್ದ ಭಯ ಇವರಿಗಿಲ್ಲ. ಹಾಗೇ ನಿಮಗಿದ್ದ ಭದ್ರತೆಯೂ ಇಲ್ಲ.

ಏಳೂ ಜಾಗಕ್ಕೆ ಇಡೀ ಡಿಸ್ಟ್ರಿಕ್ಟೇ ವೋಟು ಹಾಕುವ ಪದ್ಧತಿ, ವಾರ್ಡ್ ಇಲ್ಲ. ಇದರಿಂದ ಅಲ್ಪಸಂಖ್ಯಾತ ಸಮುದಾಯದವರು ಗೆಲ್ಲುವುದು ಕಷ್ಟ ಅಂತ 2019ರಲ್ಲಿ ಒಬ್ಬರು ಫೆಡರಲ್ ಕೋರ್ಟಿಗೆ ಹೋದರು. 2020ರಲ್ಲಿ ತೀರ್ಪು ಡಿಸ್ಟ್ರಿಕ್ಟಿನ ಪರ ಬಂತು.

ಪ್ರಶ್ನೆ: ಬೆಂಗಳೂರಿನಿಂದ ಫ್ರಿಸ್ಕೊಗೆ ಬರುತ್ತಿದ್ದೇವೆ. ಏಜೆಂಟ್ ತೋರಿಸಿದ ಮನೆಯ ಅಡ್ರೆಸ್ ಪ್ಲೇನೋ, ಆದರೆ ಶಾಲೆ ಫ್ರಿಸ್ಕೊದ್ದು ಅಂತಾನೆ. ನಂಬಬಹುದಾ?

ಉತ್ತರ: ನಂಬಬಹುದು. ಆದರೂ ನೀವೇ ಪರೀಕ್ಷಿಸಿ. ಫ್ರಿಸ್ಕೊ ಐಎಸ್‌ಡಿ ಸುಮಾರು 75 ಚದರ ಮೈಲಿ, ಕಾಲಿನ್ ಮತ್ತು ಡೆಂಟನ್ ಎರಡೂ ಕೌಂಟಿಗಳಲ್ಲಿ ಹರಡಿದೆ. ಪ್ಲೇನೋ, ಮೆಕಿನಿ, ಲಿಟ್ಲ್ ಎಲ್ಮ್ ಊರುಗಳ ತುಂಡುಗಳೂ ಅದರೊಳಗೆ ಬರುತ್ತವೆ. ಉಲ್ಟಾ ಕೂಡ ಇದೆ. ಫ್ರಿಸ್ಕೊ ಊರಿನೊಳಗೇ ಇದ್ದು ಪ್ರಾಸ್ಪರ್, ಲೂಯಿಸ್‌ವಿಲ್ ಅಥವಾ ಲಿಟ್ಲ್ ಎಲ್ಮ್ ಡಿಸ್ಟ್ರಿಕ್ಟಿಗೆ ಸೇರುವ ಬೀದಿಗಳಿವೆ. ನಾನು ಮೊದಲ ಸಲ ಬಾಡಿಗೆ ಹಿಡಿದಾಗ ಊರಿನ ಹೆಸರು ನೋಡಿ ಸಹಿ ಹಾಕಿ, ಸೂಟ್‌ಕೇಸ್ ಬಿಚ್ಚಿದ ಮೇಲೆ ಮಗಳ ಶಾಲೆ ಬೇರೆ ಡಿಸ್ಟ್ರಿಕ್ಟ್ ಅಂತ ಗೊತ್ತಾಯಿತು. ಶಾಲೆ ಚೆನ್ನಾಗೇ ಇತ್ತು ಅನ್ನಿ. ಮನೆಯಲ್ಲಿ ಒಂದು ವಾರ ನನ್ನ ಜೊತೆ ಯಾರೂ ಸರಿಯಾಗಿ ಮಾತಾಡಲಿಲ್ಲ, ಅಷ್ಟೇ. ಡಿಸ್ಟ್ರಿಕ್ಟಿನ ವೆಬ್‌ಸೈಟಿನಲ್ಲಿ ಮನೆ ನಂಬರ್ ಹಾಕಿ ನೋಡಿ, ಆಮೇಲೆ ಸಹಿ ಮಾಡಿ.

ಪ್ರಶ್ನೆ: ಫ್ರಿಸ್ಕೊದಲ್ಲಿ ಮನೆ ಕೊಂಡು 8 ವರ್ಷ ಆಯಿತು. ಮನೆ ಬೆಲೆ ಎಲ್ಲೋ ಹೋಗಿದೆ, ಶಾಲಾ ತೆರಿಗೆ ಸಾವಿರಗಟ್ಟಲೆ ಕಟ್ಟುತ್ತೇವೆ. ಆದರೂ ಡಿಸ್ಟ್ರಿಕ್ಟ್ ದುಡ್ಡಿಲ್ಲ ಅನ್ನುತ್ತದೆ, ಶಾಲೆ ಮುಚ್ಚುತ್ತದೆ. ನಮ್ಮ ದುಡ್ಡು ಹೋಗೋದಾದರೂ ಎಲ್ಲಿಗೆ?

ಉತ್ತರ: ಅಕ್ಕಾ, ಇದೇ ಪ್ರಶ್ನೆಗೆ ನಾನು ಕಾಯ್ತಾ ಇದ್ದೆ. ಸ್ವಲ್ಪ ಉದ್ದ ಆಗುತ್ತದೆ, ಕಾಫಿ ಹಿಡಿದು ಕೂತುಕೊಳ್ಳಿ.

ಮೊದಲು ಆ ಲಕೋಟೆ. ಏಪ್ರಿಲ್ ಬಂದರೆ ಮನೆ ಬೆಲೆ ಕಟ್ಟುವ ಅಪ್ರೈಸಲ್ ಡಿಸ್ಟ್ರಿಕ್ಟಿನಿಂದ ಒಂದು ನೋಟಿಸ್ ಬರುತ್ತದಲ್ಲ, "ಇದು ತೆರಿಗೆ ಬಿಲ್ ಅಲ್ಲ" ಅಂತ ಅದರ ಮೇಲೇ ಬರೆದಿರುತ್ತದೆ. ಆದರೂ ಎದೆ ಧಸಕ್ ಅನ್ನುತ್ತದೆ. ಅದರಲ್ಲಿ ಊರು, ಕೌಂಟಿ, ಕಾಲೇಜು, ಶಾಲೆ ಅಂತ ಸಾಲುಗಳಿರುತ್ತವೆ. ಎಲ್ಲಕ್ಕಿಂತ ದಪ್ಪ ಸಾಲು ಶಾಲೆಯದು. ಟೆಕ್ಸಾಸಿನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ ಅಂತ ಖುಷಿಪಟ್ಟು ಬಂದವರಿಗೆ ಅದರ ಬಾಕಿ ಇಲ್ಲಿ ಸಿಗುತ್ತದೆ. ಲೆಕ್ಕ ನೋಡಿ. ಮನೆ 6,00,000 ಡಾಲರ್ ಅಂತಿಟ್ಟುಕೊಳ್ಳಿ. ಸ್ವಂತ ವಾಸದ ಮನೆಗೆ ಶಾಲಾ ತೆರಿಗೆಯಲ್ಲಿ 1,40,000 ವಿನಾಯಿತಿ. ಉಳಿದ 4,60,000ಕ್ಕೆ 100ಕ್ಕೆ ಒಂದು ಡಾಲರಿನ ಆಸುಪಾಸು ಹಾಕಿದರೂ 4,600. ಈ ವಿನಾಯಿತಿ ಮೊದಲು 40,000 ಇತ್ತು, 2023ರಲ್ಲಿ 1,00,000 ಆಯಿತು, 2025ರ ನವೆಂಬರಿನಲ್ಲಿ ಮತದಾರರು 1,40,000ಕ್ಕೆ ಏರಿಸಿದರು. ಅರ್ಜಿ ಹಾಕಿಲ್ಲದಿದ್ದರೆ ಇವತ್ತೇ ಹಾಕಿ.

ಈಗ ಅಸಲು ಗುಟ್ಟು. ಒಂದು ಮಗುವಿಗೆ ಇಷ್ಟು ದುಡ್ಡು ಅಂತ ನಿಗದಿ ಮಾಡುವುದು ನಿಮ್ಮ ಬೋರ್ಡಲ್ಲ, ಆಸ್ಟಿನ್. ಆ ಮೂಲ ಮೊತ್ತ 2019ರಿಂದ 6,160 ಡಾಲರಿನಲ್ಲೇ ನಿಂತಿತ್ತು. ಆ ಮೊತ್ತ ತುಂಬಿಸಲು ಮೊದಲಿಗೆ ನಿಮ್ಮ ಮನೆ ತೆರಿಗೆಯ ದುಡ್ಡನ್ನು ಲೆಕ್ಕಕ್ಕೆ ಹಿಡಿಯುತ್ತಾರೆ, ಕಮ್ಮಿ ಬಿದ್ದದ್ದನ್ನು ಮಾತ್ರ ರಾಜ್ಯ ತುಂಬುತ್ತದೆ. ನಿಮ್ಮ ಮನೆ ಬೆಲೆ ಏರಿತು, ತೆರಿಗೆ ಜಾಸ್ತಿ ಬಂತು, ಸರಿ. ಆದರೆ ಮಗುವಿನ ಪಾಲು ಅಷ್ಟೇ ಇರುವುದರಿಂದ ರಾಜ್ಯ ತನ್ನ ಕೈಯನ್ನು ಅಷ್ಟು ಹಿಂದಕ್ಕೆ ತೆಗೆದುಕೊಳ್ಳುತ್ತದೆ. ಪಾತ್ರೆ ಅದೇ. ನೀವು ಜಾಸ್ತಿ ಹಾಲು ಹಾಕಿದರೆ ಅವರು ಕಮ್ಮಿ ಹಾಕುತ್ತಾರೆ. ಹಾಗಾಗಿ "ನಾನು ಇಷ್ಟು ಕಟ್ಟಿದೆ, ಶಾಲೆ ಶ್ರೀಮಂತ ಆಗಿರಬೇಕು" ಅನ್ನುವ ಲೆಕ್ಕವೇ ತಪ್ಪು. ಇದನ್ನು ಯಾವ ಮನೆ ಏಜೆಂಟೂ ಹೇಳುವುದಿಲ್ಲ.

ಪಾತ್ರೆ ತುಂಬಿ ಚೆಲ್ಲಿದರೆ ಮಿಕ್ಕಿದ್ದನ್ನು ರಾಜ್ಯವೇ ಎತ್ತಿಕೊಳ್ಳುತ್ತದೆ. ಜನ ಇದನ್ನು ರಾಬಿನ್ ಹುಡ್ ಅಂತಾರೆ. ಹಿನ್ನೆಲೆ ಹೀಗೆ. ಬಡ ಡಿಸ್ಟ್ರಿಕ್ಟಿನ ಮಕ್ಕಳಿಗೆ ಅನ್ಯಾಯ ಅಂತ ಸ್ಯಾನ್ ಆಂಟೋನಿಯೊದ ತಂದೆತಾಯಿಗಳು ಅಮೆರಿಕದ ಸುಪ್ರೀಂ ಕೋರ್ಟಿನವರೆಗೂ ಹೋಗಿ 1973ರಲ್ಲಿ 5-4ರಲ್ಲಿ ಸೋತರು. ಆಮೇಲೆ ಎಜ್‌ವುಡ್ ಡಿಸ್ಟ್ರಿಕ್ಟ್ ಮುಂದೆ ನಿಂತು ಹಾಕಿದ ಕೇಸಿನಲ್ಲಿ ಟೆಕ್ಸಾಸ್ ಸುಪ್ರೀಂ ಕೋರ್ಟು 1989ರಲ್ಲಿ ಹಳೆಯ ವ್ಯವಸ್ಥೆಯೇ ಸಂವಿಧಾನಕ್ಕೆ ವಿರುದ್ಧ ಅಂದಿತು. 1993ರಲ್ಲಿ ಈ ಕಾನೂನು ಬಂತು. ನಿಮ್ಮ ಪಕ್ಕದ ಪ್ಲೇನೋ ಎಷ್ಟೋ ವರ್ಷದಿಂದ ಹೀಗೆ ಕೊಡುವವರ ಸಾಲಿನಲ್ಲಿ ಮುಂದೆ ಇದೆ. 2024ರಲ್ಲಿ ಅದೇ ಪ್ಲೇನೋ 4 ಶಾಲೆ ಮುಚ್ಚಲು ತೀರ್ಮಾನಿಸಿತು. ಉದ್ದೇಶ ಒಳ್ಳೆಯದೇ, ನಾನು ಅದರ ಪರ. ಸಿಟ್ಟು ಬರುವುದು ಆ ಮೂಲ ಮೊತ್ತವನ್ನು ಆರು ವರ್ಷ ಹಾಗೇ ಬಿಟ್ಟದ್ದಕ್ಕೆ. 2025ರಲ್ಲಿ ಟೀಚರ್ ಸಂಬಳಕ್ಕೆ ಬೇರೆ ದುಡ್ಡು ಕೊಟ್ಟರು, ಅದು ಸರಿ. ಮೂಲ ಮೊತ್ತಕ್ಕೆ ಸೇರಿಸಿದ್ದು ಮಾತ್ರ 55 ಡಾಲರ್. ನಾಲ್ಕು ಜನರ ಮನೆಯವರು ಒಂದು ಸಲ ಮಸಾಲೆ ದೋಸೆ ತಿಂದು ಬರುವಷ್ಟು.

ಇನ್ನು "ಸಂಬಳಕ್ಕಿಲ್ಲ, ಸ್ಟೇಡಿಯಂಗೆ ಮಾತ್ರ ದುಡ್ಡಿದೆಯಾ" ಅಂತ ನೀವು ಮುಂದೆ ಕೇಳೇ ಕೇಳುತ್ತೀರಿ. ಡಿಸ್ಟ್ರಿಕ್ಟಿಗೆ ಎರಡು ಜೇಬು. ಒಂದು ಸಂಬಳ, ಕರೆಂಟು, ಡೀಸೆಲ್‌ಗೆ. ಇನ್ನೊಂದು ಕಟ್ಟಡದ ಸಾಲ ತೀರಿಸಲು. ಎರಡನೇ ಜೇಬಿನದು ಮೊದಲನೆಯದಕ್ಕೆ ಹೋಗುವಂತಿಲ್ಲ, ಕಾನೂನೇ ಹಾಗೆ. ಅದಕ್ಕೇ 2016ರಲ್ಲಿ ಡಾಲಸ್ ಕೌಬಾಯ್ಸ್ ಫುಟ್‌ಬಾಲ್ ತಂಡ ಮತ್ತು ಊರಿನ ಜೊತೆ ಸೇರಿ 12,000 ಜನ ಕೂರುವ ಫೋರ್ಡ್ ಸೆಂಟರ್ ಸ್ಟೇಡಿಯಂ ತೆರೆದ ವರ್ಷವೇ ಡಿಸ್ಟ್ರಿಕ್ಟ್ ಸಂಬಳದ ಜೇಬಿಗಾಗಿ ಜನರ ಮುಂದೆ ಕೈ ಚಾಚಿತ್ತು. ಆಗಸ್ಟಿನಲ್ಲಿ ತೆರಿಗೆಯನ್ನು 100 ಡಾಲರಿಗೆ 13 ಸೆಂಟ್ ಏರಿಸಲು ಕೇಳಿದರು, ಜನ ಬೇಡ ಅಂದರು. ತೆರೆಯಬೇಕಿದ್ದ 4 ಹೊಸ ಶಾಲೆಗಳನ್ನು ಒಂದು ವರ್ಷ ಮುಂದೆ ಹಾಕಬೇಕಾಯಿತು. 2018ರಲ್ಲಿ ಮತ್ತೆ ಕೇಳಿದಾಗ ಜನ ತೆರಿಗೆಗೂ 69.1 ಕೋಟಿ ಡಾಲರ್ ಬಾಂಡಿಗೂ, ಅಂದರೆ ಕಟ್ಟಡದ ಸಾಲಕ್ಕೂ, ಹೂಂ ಅಂದರು. 2024ರ ನವೆಂಬರಿನಲ್ಲಿ 100 ಕೋಟಿ ಮೀರಿದ ಬಾಂಡು, ಜೊತೆಗೆ ತೆರಿಗೆ, ಒಟ್ಟು 4 ಪ್ರಸ್ತಾಪ. ನಾಲ್ಕೂ ಬಿದ್ದವು. ಕೆಲವೇ ವಾರದಲ್ಲಿ ಸ್ಟೇಲಿ ಮಿಡಲ್ ಸ್ಕೂಲ್ ಮುಚ್ಚುವ ತೀರ್ಮಾನ ಬಂತು.

ದುಡ್ಡು ಒಂದೇ ಕಾರಣ ಅಲ್ಲ, ಮಕ್ಕಳೂ ಕಮ್ಮಿಯಾಗುತ್ತಿದ್ದಾರೆ. 2003ರವರೆಗೆ ಒಂದೇ ಹೈಸ್ಕೂಲ್ ಇದ್ದ ಜಾಗದಲ್ಲಿ 2022ಕ್ಕೆ 12 ಆದವು, ಒಟ್ಟು ಮಕ್ಕಳು 60,000 ದಾಟಿದರು. ಈಗ ಹಳೆಯ ಬಡಾವಣೆಗಳಲ್ಲಿ ಮಕ್ಕಳು ಬೆಳೆದು ಕಾಲೇಜಿಗೆ ಹೋಗಿದ್ದಾರೆ. ಆ ಮನೆಗಳನ್ನು ಕೊಳ್ಳುವ ಶಕ್ತಿ ಚಿಕ್ಕ ಮಕ್ಕಳಿರುವ ಹೊಸಬರಿಗೆ ಎಲ್ಲಿಂದ ಬರಬೇಕು?

ಪ್ರಶ್ನೆ: ನಾವು ಎಚ್-1ಬಿ ಕೆಲಸದ ವೀಸಾ ಮೇಲೆ ಇರುವವರು. ತೆರಿಗೆ ಕಟ್ಟುತ್ತೇವೆ, ವೋಟಿಲ್ಲ. 2024ರ ಸೋಲಿಗೆ "ನಿಮ್ಮವರೇ ವೋಟು ಹಾಕಲಿಲ್ಲ" ಅಂತ ನೆರೆಮನೆಯವರು ಅಂದರು. ಏನು ಹೇಳಬೇಕಿತ್ತು?

ಉತ್ತರ: "ಹಾಕಲು ಬಿಟ್ಟರೆ ಹಾಕುತ್ತಿದ್ದೆ" ಅಂತ ಹೇಳಬೇಕಿತ್ತು. ವೋಟು ನಾಗರಿಕರಿಗೆ ಮಾತ್ರ, ಗ್ರೀನ್ ಕಾರ್ಡ್ ಇದ್ದವರಿಗೂ ಇಲ್ಲ. ಈ ಡಿಸ್ಟ್ರಿಕ್ಟಿನಲ್ಲಿ ಈಗ ಏಷ್ಯಾ ಮೂಲದ ಮಕ್ಕಳದೇ ಅತಿ ದೊಡ್ಡ ಗುಂಪು. ಅವರ ತಂದೆತಾಯಿಗಳಲ್ಲಿ ಎಷ್ಟೋ ಜನ ನಿಮ್ಮ ಹಾಗೇ ಕ್ಯೂನಲ್ಲಿ ನಿಂತಿದ್ದಾರೆ.

ಇನ್ನೊಂದು ಮಾತು. ಸೋಲಿನಲ್ಲಿ ಬ್ಯಾಲೆಟ್ ಪೇಪರಿನ ಪಾಲೂ ಇದೆ ಅಂತ ನನ್ನ ಅನುಮಾನ. 2019ರ ಕಾನೂನಿನ ಪ್ರಕಾರ ಯಾವುದೇ ಶಾಲಾ ಬಾಂಡಿನ ಪ್ರಸ್ತಾಪದಲ್ಲಿ ಕ್ಯಾಪಿಟಲ್ ಅಕ್ಷರದಲ್ಲಿ "ಇದು ಆಸ್ತಿ ತೆರಿಗೆ ಏರಿಕೆ" ಅಂತ ಮುದ್ರಿಸಲೇಬೇಕು. ದರ ಒಂದು ಸೆಂಟೂ ಏರದಿದ್ದರೂ ಅದೇ ಸಾಲು. ಅದನ್ನು ಓದಿದ ಮೇಲೂ ಹೂಂ ಅನ್ನಲು ಗುಂಡಿಗೆ ಬೇಕು.

ವೋಟಿಲ್ಲದಿದ್ದರೂ ಬಾಯಿ ಇದೆ. ಬೋರ್ಡಿನ ಸಭೆ ಎಲ್ಲರಿಗೂ ತೆರೆದಿರುತ್ತದೆ, ಹೆಸರು ಕೊಟ್ಟರೆ ಕೆಲವು ನಿಮಿಷ ಮಾತಾಡಬಹುದು, ವೀಸಾ ಯಾರೂ ಕೇಳುವುದಿಲ್ಲ. ನಾನು ಒಂದು ಸಲ ಇಂಥದೇ ಸಭೆಗೆ ಹೋಗಿದ್ದೆ. ಮುಂದೆ ಟ್ರಸ್ಟಿಗಳು ಸಾಲಾಗಿ ಕೂತಿದ್ದರು, ಬದಿಯಲ್ಲಿ ಟೈಮರು ಓಡುತ್ತಿತ್ತು. ಒಬ್ಬ ಅಮ್ಮ ಮಗುವನ್ನು ಸೊಂಟದ ಮೇಲೆ ಇಟ್ಟುಕೊಂಡೇ ಬಸ್ ಸ್ಟಾಪಿನ ಬಗ್ಗೆ ಮಾತಾಡಿದರು. ಟ್ರಸ್ಟಿಗಳು ಅಲ್ಲೇ ಉತ್ತರ ಕೊಡಲಿಲ್ಲ, ಸುಮ್ನೆ ಬರೆದುಕೊಂಡರು. ಹೊರಗೆ ಬಂದಾಗ ಆಕೆಗೆ ಸಿಟ್ಟು ಬಂದಿತ್ತು. ಕಾರ್ಯಸೂಚಿಯಲ್ಲಿ ಇಲ್ಲದ ವಿಷಯವನ್ನು ಅಲ್ಲೇ ಚರ್ಚಿಸುವಂತಿಲ್ಲ ಅನ್ನುವುದು ಟೆಕ್ಸಾಸಿನ ನಿಯಮ, ಅದು ಆಕೆಗೆ ಗೊತ್ತಿರಲಿಲ್ಲ ಅಷ್ಟೇ.

ಪ್ರಶ್ನೆ: ಡಿಸ್ಟ್ರಿಕ್ಟಿಗೆ "ಎ" ಗ್ರೇಡ್ ಅಂತಾರೆ. ನಿಜವಾಗಲೂ ಶಾಲೆ ಅಷ್ಟು ಚೆನ್ನಾಗಿದೆಯಾ?

ಉತ್ತರ: ಚೆನ್ನಾಗಿದೆ. ಆದರೆ ಗ್ರೇಡ್ ನೋಡಿ ಹೇಳುತ್ತಿಲ್ಲ. 2018ರಿಂದ ರಾಜ್ಯ ಡಿಸ್ಟ್ರಿಕ್ಟುಗಳಿಗೆ ಎ ಯಿಂದ ಎಫ್ ವರೆಗೆ ಅಕ್ಷರ ಕೊಡುತ್ತಿದೆ. ಅದರಲ್ಲಿ ರಾಜ್ಯ ನಡೆಸುವ ಸ್ಟಾರ್ ಪರೀಕ್ಷೆಯ ತೂಕ ಜಾಸ್ತಿ. ಲೆಕ್ಕ ಹಾಕುವ ರೀತಿ ಬದಲಾಯಿಸಿದ್ದಕ್ಕೆ ಡಿಸ್ಟ್ರಿಕ್ಟುಗಳು ಕೋರ್ಟಿಗೆ ಹೋಗಿ, 2023ರ ಗ್ರೇಡು ಹೊರಬಂದದ್ದು 2025ರ ಏಪ್ರಿಲಿನಲ್ಲಿ. ಮಗು ಆಗಲೇ ಎರಡು ಕ್ಲಾಸು ಮುಂದೆ! ಇಬ್ಬರೂ ಇಂಜಿನಿಯರ್ ಆಗಿರುವ, ಸಂಜೆ ಲೆಕ್ಕದ ಟ್ಯೂಷನ್ನಿಗೆ ಓಡುವ ಮನೆಗಳೇ ತುಂಬಿರುವ ಕಡೆ ಅಂಕ ಚೆನ್ನಾಗಿಯೇ ಇರುತ್ತದೆ ಅಲ್ವಾ? ಅದರಲ್ಲಿ ಶಾಲೆಯ ಪಾಲೆಷ್ಟು, ಮನೆಯ ಪಾಲೆಷ್ಟು ಅಂತ ಆ ಒಂದು ಅಕ್ಷರ ಹೇಳುವುದಿಲ್ಲ.

ಚೆನ್ನಾಗಿರುವ ಶಾಲೆಯ ಒಂದು ಕಷ್ಟ ಹೇಳಿಬಿಡುತ್ತೇನೆ. 1997ರ ಕಾನೂನು ಪ್ರಕಾರ ತನ್ನ ಹೈಸ್ಕೂಲಿನಲ್ಲಿ ಮೇಲಿನ 10 ಶೇಕಡದಲ್ಲಿದ್ದರೆ ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಸೀಟು ಖಾತ್ರಿ. ಎಲ್ಲರೂ ಬಯಸುವ ಯುಟಿ ಆಸ್ಟಿನ್‌ನಲ್ಲಿ (ಆಸ್ಟಿನ್ನಿನ ಟೆಕ್ಸಾಸ್ ವಿಶ್ವವಿದ್ಯಾಲಯ) ಮಾತ್ರ ಅದು ಇಳಿದು ಇಳಿದು, 2026ರ ಪ್ರವೇಶಕ್ಕೆ 5 ಶೇಕಡಕ್ಕೆ ಬಂತು. ಫ್ರಿಸ್ಕೊ ಬೇಕಂತಲೇ ಹೈಸ್ಕೂಲುಗಳನ್ನು ಚಿಕ್ಕದಾಗಿ ಇಟ್ಟಿದೆ, ಒಂದರಲ್ಲಿ ಸುಮಾರು 2,100 ಮಕ್ಕಳು. ಬ್ಯಾಂಡು, ಫುಟ್‌ಬಾಲು, ನಾಟಕ ಎಲ್ಲದರಲ್ಲೂ ಜಾಸ್ತಿ ಮಕ್ಕಳಿಗೆ ಅವಕಾಶ ಸಿಗಲಿ ಅಂತ. ಒಂದು ಬ್ಯಾಚಿನಲ್ಲಿ 500 ಮಕ್ಕಳಿದ್ದರೆ 5 ಶೇಕಡ ಅಂದರೆ 25 ಸೀಟು. ಆ ಕ್ಲಾಸಿನಲ್ಲಿ ಕೂತಿರುವವರೆಲ್ಲ ನಿಮ್ಮ ಮಗನಂಥವರೇ.

ಪ್ರಶ್ನೆ: ಮೈಸೂರಿನಲ್ಲಿ ಭಾವನ ಮಗಳ ಮದುವೆ. ಮಕ್ಕಳನ್ನು 3 ವಾರ ಶಾಲೆ ಬಿಡಿಸಿ ಕರೆದುಕೊಂಡು ಹೋಗಬಹುದಾ?

ಉತ್ತರ: ಹೋಗಬಹುದು, ಜೈಲಿಗೇನೂ ಹಾಕುವುದಿಲ್ಲ. ಆದರೆ ಎರಡು ವಿಷಯ. ಕ್ಲಾಸು ನಡೆದ ದಿನಗಳಲ್ಲಿ 90 ಶೇಕಡ ಹಾಜರಿ ಇಲ್ಲದಿದ್ದರೆ ಆ ವರ್ಷದ ಕ್ರೆಡಿಟ್‌ಗೆ ತೊಂದರೆ, ಮೂರು ವಾರ ಅಂದರೆ ಅದರ ಅಂಚಿಗೆ ಬಂದಿರುತ್ತೀರಿ. ಎರಡನೆಯದು, ಟೆಕ್ಸಾಸ್ ದುಡ್ಡು ಕೊಡುವುದು ದಾಖಲಾದ ಮಕ್ಕಳ ಲೆಕ್ಕಕ್ಕಲ್ಲ, ದಿನದ ಸರಾಸರಿ ಹಾಜರಿಗೆ. 55 ಸೇರಿದ ಮೇಲಿನ ಮೂಲ ಮೊತ್ತ 6,215ನ್ನು 175 ದಿನಕ್ಕೆ ಭಾಗಿಸಿ ನೋಡಿ, ದಿನಕ್ಕೆ ಸುಮಾರು 35 ಡಾಲರ್. ಇಬ್ಬರು ಮಕ್ಕಳು, 15 ದಿನ ಅಂದರೆ ಸಾವಿರ ಡಾಲರ್ ಮೇಲಾಯಿತು. ನಿಮ್ಮ ಜೇಬಿನಿಂದಲ್ಲ, ಶಾಲೆಯ ಜೇಬಿನಿಂದ.

ಮುಹೂರ್ತ ಇನ್ನೂ ಇಟ್ಟಿಲ್ಲದಿದ್ದರೆ ಭಾವನಿಗೆ ಇವತ್ತೇ ಫೋನ್ ಮಾಡಿ. ಮೇ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಇಲ್ಲಿ ರಜೆ. ಆದರೆ ಜೂನ್‌ನಲ್ಲೋ ಜುಲೈನಲ್ಲೋ ಆಷಾಢ ಶುರು ಅಂತ ನಿಮ್ಮ ಅತ್ತೆ ಹೇಳೇ ಹೇಳುತ್ತಾರೆ, ಹಾಗಾಗಿ ಜೂನ್ ಮೊದಲ ವಾರ ಅಂತ ನೀವೇ ಮುಂಚೆ ಬಾಯಿ ಬಿಡಿ.