ಸಂಪುಟ ರೀಷಫಲ್ ಆಗುತ್ತೆ, ಜಿಲ್ಲೆ ಯಾಕಾಗಲ್ಲ?

ಪ್ರಶ್ನೆ: ನನ್ನ ಮಗಳು ದ್ವಿತೀಯ ಪಿಯುಸಿ. ‘2007ರಲ್ಲಿ ಕೋಲಾರ ಜಿಲ್ಲೆ ರೀಷಫಲ್ ಆಗಿ ಚಿಕ್ಕಬಳ್ಳಾಪುರ ಜಿಲ್ಲೆಯಾಯಿತು’ ಎಂದು ಇಂಗ್ಲಿಷ್ ಪ್ರಬಂಧದಲ್ಲಿ ಬರೆದಿದ್ದಳು. ಮೇಷ್ಟ್ರು ಆ ಪದದ ಮೇಲೆ ಕೆಂಪು ಗೆರೆ ಎಳೆದಿದ್ದಾರೆ. ಸಂಪುಟಕ್ಕೆ ಸಲ್ಲುವ ಮಾತು ಜಿಲ್ಲೆಗೆ ಸಲ್ಲದೇ?
– ಓದುಗರು, ಚಿಂತಾಮಣಿ

ಉತ್ತರ: ಮೇಷ್ಟ್ರು ಹೇಳಿದ್ದೇ ಸರಿ. ಷಫಲ್ ಇಸ್ಪೀಟಿನ ಮಾತು. ಯುಗಾದಿಯಲ್ಲಿ ಅರಳಿಕಟ್ಟೆ ಮೇಲೆ (ಪೊಲೀಸರು ಬರುವ ತನಕ) ಎಲೆ ಕಲೆಸುವುದನ್ನು ನೋಡಿರುತ್ತೀರಿ. ಎಷ್ಟು ಸಲ ಕಲೆಸಿದರೂ ಎಲೆ ಐವತ್ತೆರಡೇ. ಹಿಂದಿದ್ದದ್ದು ಮುಂದಾಗುತ್ತದೆ, ಅಷ್ಟೆ. ಮತ್ತೊಮ್ಮೆ ಕಲೆಸಿದರೆ ರೀಷಫಲ್. ಕಂದಾಯ ಖಾತೆಯವರಿಗೆ ಸಾರಿಗೆ, ಸಾರಿಗೆಯವರಿಗೆ ಅಬಕಾರಿ ಕೊಟ್ಟರೆ ಈ ಪದ ಅಚ್ಚುಕಟ್ಟಾಗಿ ಹೊಂದುತ್ತದೆ.

ಆದರೆ ರಾಜಕಾರಣ ಪದವನ್ನೂ ಸ್ವಲ್ಪ ಎಳೆದಾಡಿದೆ. 1962ರ ಜುಲೈ 13ರಂದು ಬ್ರಿಟನ್ ಪ್ರಧಾನಿ ಮ್ಯಾಕ್ಮಿಲನ್ ಸಂಪುಟದ ಏಳು ಸಚಿವರನ್ನು ಒಟ್ಟಿಗೇ ಮನೆಗೆ ಕಳಿಸಿದರು. ಎಲೆಗಳೇ ಬದಲಾದರೂ ಅದನ್ನು ರೀಷಫಲ್ ಅಂತಲೇ ಕರೆಯುತ್ತಾರೆ. ಹಾಗಾಗಿ ಕೆಲವರನ್ನು ಕೈಬಿಟ್ಟು ಹೊಸಬರನ್ನು ತಂದರೂ ಆ ಮಾತು ನಡೆಯುತ್ತದೆ; ನಾವು ಪುನಾರಚನೆ ಎನ್ನುತ್ತೇವೆ. ಖಾಲಿ ಸ್ಥಾನ ತುಂಬಿದರೆ ಮಾತ್ರ ಅದು ವಿಸ್ತರಣೆ. 2003ರ ಸಂವಿಧಾನ ತಿದ್ದುಪಡಿಯ ನಂತರ ಮಂತ್ರಿಮಂಡಲ ವಿಧಾನಸಭೆಯ ಶೇ 15ನ್ನು ಮೀರುವಂತಿಲ್ಲ. ನಮ್ಮ 224 ಸ್ಥಾನಗಳ ಲೆಕ್ಕದಲ್ಲಿ ಮುಖ್ಯಮಂತ್ರಿಯೂ ಸೇರಿ 34. ವಿಸ್ತರಣೆಗೆ ಜಾಗವೇ ಇಲ್ಲದಾಗ ಪುನಾರಚನೆಯ ಗುಲ್ಲೇಳುವುದು ಅದಕ್ಕೇ. ಅಧಿಕಾರಿಗಳ ವರ್ಗಾವಣೆಗೆ ಪತ್ರಿಕೆಗಳು ‘ಮೇಜರ್ ಸರ್ಜರಿ’ ಎನ್ನುವುದು ಮಾತ್ರ ನನಗೆ ಹಿಡಿಸದು. ಯಾರನ್ನೂ ಕತ್ತರಿಸಿರುವುದಿಲ್ಲ, ಕುರ್ಚಿ ಬದಲಾಗಿರುತ್ತದೆ.

ಇನ್ನು ಜಿಲ್ಲೆ. ಬಾಗೇಪಲ್ಲಿ, ಗೌರಿಬಿದನೂರು, ನಿಮ್ಮ ಚಿಂತಾಮಣಿ ಎಲ್ಲ ಕೋಲಾರದಿಂದ ಬೇರೆಯಾಗಿ ಹೊಸ ಗಡಿ, ಹೊಸ ಜಿಲ್ಲಾಧಿಕಾರಿ ಕಚೇರಿ ಬಂದವು. ಒಂದಿದ್ದದ್ದು ಎರಡಾಯಿತು, ಇದು ಕಲೆಸಿದ್ದಲ್ಲ, ಪಾಲು ಮಾಡಿದ್ದು. ಬೈಫರ್ಕೇಟ್ ಎನ್ನಬಹುದು. 1956ರಲ್ಲಿ ರಾಜ್ಯಗಳಿಗೆ ಆದದ್ದು ರೀಆರ್ಗನೈಸೇಷನ್, ಕನ್ನಡದಲ್ಲಿ ಪುನರ್ವಿಂಗಡಣೆ. ಹಾಗಂತ ಕನ್ನಡದಿಂದ ಇಂಗ್ಲಿಷಿಗೆ ಕಣ್ಣುಮುಚ್ಚಿ ಹೋಗಬೇಡಿ. 2008ರ ಚುನಾವಣೆಗೆ ಕೋಲಾರದ ವೇಮಗಲ್ ಕ್ಷೇತ್ರ ಇಲ್ಲವಾದದ್ದನ್ನೂ ಕನ್ನಡದಲ್ಲಿ ಪುನರ್ವಿಂಗಡಣೆ ಅಂತಲೇ ಹೇಳುತ್ತೇವೆ, ಇಂಗ್ಲಿಷಿನಲ್ಲಿ ಅದು ಡಿಲಿಮಿಟೇಷನ್.

ಮನೆಯ ಮಂಚ, ಬೀರು ಸರಿಸಿ ಇಟ್ಟರೆ ರೀಅರೇಂಜ್. ಮೀಟಿಂಗಿನ ದಿನ ಬದಲಿಸಿದರೂ ಅದೇ.

ನಿಜವಾಗಿ ಎಚ್ಚರ ಬೇಕಿರುವುದು ರೀಸ್ಟ್ರಕ್ಚರ್ ಹತ್ತಿರ. ಬರ ಬಿದ್ದ ವರ್ಷ ಬ್ಯಾಂಕಿನವರು ಬೆಳೆಸಾಲ ರೀಸ್ಟ್ರಕ್ಚರ್ ಆಗಿದೆ ಎಂದರೆ, ಕಟ್ಟುವ ಅವಧಿ ಮುಂದೆ ಹೋಗಿ ಕಂತುಗಳಾಗಿ ಒಡೆದಿದೆ ಎಂದಷ್ಟೇ ಅರ್ಥ. ಅಸಲು ಹಾಗೇ ಇರುತ್ತದೆ, ಬಡ್ಡಿಯೂ ಓಡುತ್ತಿರುತ್ತದೆ. ಇದನ್ನು ಮನ್ನಾ ಅಂದುಕೊಂಡು ಸುಮ್ಮನಿದ್ದು, ನೋಟಿಸ್ ಬಂದಾಗ ಬೆಚ್ಚಿಬೀಳುವವರಿದ್ದಾರೆ. ಸಹಿ ಹಾಕುವ ಮುನ್ನ ಹೊಸ ಕಂತು, ಕೊನೆಯ ತಾರೀಖು ಕೇಳಿ ಬರೆಸಿಕೊಳ್ಳಿ.

ಮಗಳ ವಾಕ್ಯಕ್ಕೆ ಬೈಫರ್ಕೇಟ್‌ಗಿಂತ ನನ್ನ ಆಯ್ಕೆ ಇದು: ‘ಚಿಕ್ಕಬಳ್ಳಾಪುರ ಡಿಸ್ಟ್ರಿಕ್ಟ್ ವಾಸ್ ಕಾರ್ವ್ಡ್ ಔಟ್ ಆಫ್ ಕೋಲಾರ್ ಇನ್ 2007.’