ಮಧ್ಯಾಹ್ನದ ಊಟಕ್ಕೆ ಯಾರ ಪಕ್ಕ ಕೂರಲಿ?

ಪ್ರಶ್ನೆ: ನನ್ನ ಊರು ದಾವಣಗೆರೆ, ವಯಸ್ಸು 27. ಜರ್ಮನಿಯ ಸ್ಟುಟ್‌ಗಾರ್ಟ್ ಹತ್ತಿರ ಇಂಜಿನಿಯರ್ ಆಗಿ ಸೇರಿ ಎಂಟು ತಿಂಗಳಾಯಿತು. ಜರ್ಮನ್ ಭಾಷೆಯ ಬಿ1 (ಮಧ್ಯಮ ಹಂತದ) ಪರೀಕ್ಷೆ ಪಾಸಾಗಿದೆ. ಆದರೂ ಕ್ಯಾಂಟೀನ್‌ನಲ್ಲಿ ಬಾಯಿ ಬಿಡೋಕೆ ಆಗಲ್ಲ, ಒಬ್ಬನೇ ಡಬ್ಬಿ ಬಿಚ್ಚಿ ಉಣ್ಣುತ್ತೇನೆ. ಒಮ್ಮೆ ಹಿರಿಯ ಸಹೋದ್ಯೋಗಿಯೊಬ್ಬರು ಮೀಟಿಂಗ್‌ನಲ್ಲಿ ಎಲ್ಲರ ಮುಂದೆ ‘ಈ ಲೆಕ್ಕ ತಪ್ಪು’ ಅಂದುಬಿಟ್ಟರು. ಆಮೇಲಂತೂ ಬೆರೆಯುವ ಮನಸ್ಸೇ ಹೋಯಿತು. ವೀಕೆಂಡ್‌ಗೆ ಕನ್ನಡದ ಗೆಳೆಯರಿದ್ದಾರೆ. ಅಷ್ಟು ಸಾಕಲ್ವಾ?

ಉತ್ತರ: ಸಾಕು ಅನಿಸಿದ್ದರೆ ನೀವು ಈ ಪತ್ರವನ್ನೇ ಬರೆಯುತ್ತಿರಲಿಲ್ಲ.

ಮೊದಲು ಆ ಮೀಟಿಂಗ್ ವಿಷಯ. ಎಲ್ಲರ ಮುಂದೆ ತಪ್ಪು ಅಂದರೆ ನಮಗೆ ಮಾನ ಹೋದ ಹಾಗೆ. ಅಲ್ಲಿ ಸಾಮಾನ್ಯವಾಗಿ ಅದನ್ನ ಆ ಲೆಕ್ಕದ ಬಗ್ಗೆ ಅಷ್ಟೇ ಹೇಳಿರುತ್ತಾರೆ, ನಿಮ್ಮ ಬಗ್ಗೆ ಅಲ್ಲ. ಹೇಳಿದವರು ಬಹುಶಃ ಸಂಜೆಯೊಳಗೆ ಮರೆತೂಬಿಟ್ಟರು, ನೀವು ಇನ್ನೂ ಹೊತ್ತುಕೊಂಡು ತಿರುಗುತ್ತಿದ್ದೀರಿ. ನೀವಿರುವ ಶ್ವಾಬಿಯಾ ಸೀಮೆಯಲ್ಲಿ ಒಂದು ಗಾದೆಯೇ ಇದೆ: ಬೈಯಲಿಲ್ಲ ಅಂದರೆ ಅದೇ ಹೊಗಳಿಕೆ. (ನಮ್ಮ ಹಳೇ ಗಣಿತದ ಮೇಷ್ಟ್ರುಗಳೂ ಹೀಗೇ ಅಲ್ವಾ?) ಯಾರಾದರೂ ‘ನಿಖ್ಟ್ ಶ್ಲೆಖ್ಟ್’, ಅಂದರೆ ‘ಪರವಾಗಿಲ್ಲ’ ಅಂದರೆ ಖುಷಿಪಡಿ. ಆದರೆ ನಿಮ್ಮ ಬಣ್ಣ, ದೇಶ ಎತ್ತಿ ಆಡಿಕೊಂಡರೆ ಆ ಮಾತೇ ಬೇರೆ. ಅದನ್ನ ‘ಇಲ್ಲಿಯ ರೀತಿ’ ಅಂತ ನುಂಗಿಕೊಳ್ಳಬೇಡಿ. ಕಂಪನಿಯಲ್ಲಿ ‘ಬೆಟ್ರೀಬ್ಸ್‌ರಾಟ್’ ಅನ್ನುವ ನೌಕರರ ಮಂಡಳಿ ಇದ್ದರೆ ಅಲ್ಲಿ ಹೋಗಿ ಹೇಳಿ.

ಇನ್ನು ಧೈರ್ಯ. ಅದು ಬರಲಿ, ಆಮೇಲೆ ಮಾತಾಡೋಣ ಅಂತ ಕಾಯುತ್ತಿದ್ದೀರಿ, ಅಲ್ವಾ? ಕಾದರೆ ಬರಲ್ಲ. ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರಾ 1977ರಲ್ಲೇ ಬರೆದಿದ್ದರು, ನನ್ನಿಂದ ಆಗುತ್ತೆ ಅನ್ನುವ ನಂಬಿಕೆ ಎಲ್ಲಕ್ಕಿಂತ ಜಾಸ್ತಿ ಹುಟ್ಟುವುದು ಸ್ವತಃ ಮಾಡಿ ಗೆದ್ದ ಅನುಭವದಿಂದ ಅಂತ. ಹಾಗಾಗಿ ಸೋಲೋಕೇ ಆಗದಷ್ಟು ಸಣ್ಣದರಿಂದ ಶುರು ಮಾಡಿ. ಮಧ್ಯಾಹ್ನದ ಹೊತ್ತಿಗೆ ಎದುರು ಸಿಕ್ಕವರಿಗೆಲ್ಲ ‘ಮಾಲ್‌ತ್ಸೈಟ್’ ಅನ್ನುತ್ತಾರಲ್ಲ (ಊಟದ ಹೊತ್ತಿನ ನಮಸ್ಕಾರ), ಒಂದು ವಾರ ನೀವೇ ಮೊದಲು ಅನ್ನಿ. ಅಷ್ಟೇ. ಮುಂದಿನ ವಾರ ಒಬ್ಬರ ಪಕ್ಕ ಕೂತುಕೊಳ್ಳಿ. ಆರು ಜನರ ಟೇಬಲ್ ಬೇಡ, ಅಲ್ಲಿ ಶ್ವಾಬಿಯಾದ ಆಡುಮಾತು ಓಡುತ್ತಿರುತ್ತದೆ, ಬಿ1 ಪುಸ್ತಕದ ಜರ್ಮನ್ ಹಿಡಿದುಕೊಂಡು ಅದರ ಹಿಂದೆ ಓಡೋದು ಅಂದರೆ ಪುಸ್ತಕದ ಕನ್ನಡ ಕಲಿತವರನ್ನ ಹುಬ್ಬಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಇಳಿಸಿದ ಹಾಗೆ. ನಿಮಗೆ ಅರ್ಥವಾಗದ್ದು ನಿಮ್ಮ ದಡ್ಡತನ ಖಂಡಿತ ಅಲ್ಲ. ಒಂದು ಪದ ಹಿಡಿದು ‘ಹಾಗಂದ್ರೇನು?’ ಅಂತ ಕೇಳಿ. ತಮ್ಮ ಊರ ಮಾತಿನ ಬಗ್ಗೆ ಕೇಳಿದರೆ ಯಾರಿಗೆ ತಾನೇ ಖುಷಿ ಆಗಲ್ಲ?

ನಿಮ್ಮ ಹುಟ್ಟುಹಬ್ಬ ಬಂದರೆ ಅವರು ಕೇಕ್ ತರುತ್ತಾರೆ ಅಂತ ಕಾಯಬೇಡಿ. ಅಲ್ಲಿ ಯಾರ ಹುಟ್ಟುಹಬ್ಬವೋ ಅವರೇ ತರಬೇಕು. ಬೇರೆಯವರಿಗೆ ಹಿಂದಿನ ದಿನವೇ ಶುಭಾಶಯ ಹೇಳಲೂಬೇಡಿ, ಅಪಶಕುನ ಅನ್ನುತ್ತಾರೆ.

ಮನಸ್ಸೇ ಇಲ್ಲ ಅಂದಿರಲ್ಲ, ಅದಕ್ಕೆ ‘ನೆಟ್‌ವರ್ಕಿಂಗ್’ ಮದ್ದಲ್ಲ. ನಿಮ್ಮದೇ ಒಂದು ಕುತೂಹಲ ಬೇಕು. ಸಿಕ್ಕದಿದ್ದರೆ ನಾನೊಂದು ಕೊಡುತ್ತೇನೆ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ವನ್ನು 1843ರಲ್ಲಿ ಶುರು ಮಾಡಿದ ಹರ್ಮನ್ ಮೋಗ್ಲಿಂಗ್ ಹುಟ್ಟಿದ್ದು ನಿಮ್ಮ ಪಕ್ಕದ ಬ್ರಾಕೆನ್‌ಹೈಮ್‌ನಲ್ಲಿ, ತೀರಿಕೊಂಡಿದ್ದು ಎಸ್ಲಿಂಗೆನ್‌ನಲ್ಲಿ. 1894ರಲ್ಲಿ ಕನ್ನಡಕ್ಕೆ ಅಷ್ಟು ದೊಡ್ಡ ನಿಘಂಟು ಕೊಟ್ಟ ಕಿಟೆಲ್ ಕೊನೆಯ ದಿನ ಕಳೆದದ್ದು ಟ್ಯೂಬಿಂಗೆನ್‌ನಲ್ಲಿ. ನಿಮ್ಮ ಸಹೋದ್ಯೋಗಿಗಳಲ್ಲಿ ಇದು ಎಷ್ಟು ಜನಕ್ಕೆ ಗೊತ್ತಿರುತ್ತೆ ಹೇಳಿ? ಒಂದು ಶನಿವಾರ ಟ್ಯೂಬಿಂಗೆನ್‌ಗೆ ಹೋಗಿ ಬನ್ನಿ. ಸೋಮವಾರ ‘ವೀಕೆಂಡ್ ಹೇಗಿತ್ತು’ ಅಂತ ಕೇಳಿದರೆ ಹೇಳೋಕೆ ವಿಷಯ ಇರುತ್ತೆ, ಅದೂ ಅವರಿಗೇ ಗೊತ್ತಿಲ್ಲದ ಅವರೂರಿನ ವಿಷಯ. ಕನ್ನಡದ ಗೆಳೆಯರನ್ನ ಬಿಡಬೇಡಿ, ಬೇಕಿದ್ದರೆ ಅವರನ್ನೂ ಕರಕೊಂಡು ಹೋಗಿ.

ಇನ್ನೊಂದು. ಮುಂದಿನ ಲೆಕ್ಕ ಕೊಡುವ ಮೊದಲು, ತಪ್ಪು ಹಿಡಿದ ಅದೇ ಹಿರಿಯರ ಹತ್ತಿರ ಹತ್ತು ನಿಮಿಷ ಕೇಳಿ, ‘ಒಮ್ಮೆ ನೋಡ್ತೀರಾ’ ಅಂತ. ಸಮಯ ಗೊತ್ತು ಮಾಡಿಕೊಂಡೇ ಹೋಗಿ. ಐದು ನಿಮಿಷವೂ ತಡ ಮಾಡಬೇಡಿ.