ಮಳೆ ಬಂದರೂ ಕಟ್ಟಡದ ತೂಗಾಟ ಬದಲಾಗುತ್ತದೆ

ಪ್ರಶ್ನೆ: ನನ್ನ ಮಗಳು ಲಾಸ್ ಏಂಜಲೀಸ್‌ನಲ್ಲಿ ಹನ್ನೆರಡು ಮಹಡಿಯ ಹಳೇ ಕಟ್ಟಡದಲ್ಲಿ ಇದ್ದಾಳೆ. ನೆಲಮಾಳಿಗೆ, ನಡುಮಹಡಿ, ತಾರಸಿ, ಮೂರೂ ಕಡೆ ಭೂಕಂಪ ಅಳೆಯುವ ಪೆಟ್ಟಿಗೆ ಇದೆಯಂತೆ. ಕಟ್ಟುವ ಮೊದಲೇ ಇಂಜಿನಿಯರುಗಳು ಲೆಕ್ಕ ಹಾಕಿರುತ್ತಾರೆ, ಅಲ್ವಾ? ಮತ್ತೆ ಅಳೆಯುವುದು ಯಾಕೆ? ಕಟ್ಟಡದಲ್ಲಿ ಏನಾದರೂ ದೋಷ ಇದೆಯಾ?

ಉತ್ತರ: ಗಾಬರಿ ಬೇಡ. ದೊಡ್ಡ ಕಟ್ಟಡಗಳಿಗೆ ಈ ಪೆಟ್ಟಿಗೆ ಹಾಕಿಸಲೇಬೇಕು ಎಂದು ಆ ಊರು 1960ರ ದಶಕದಲ್ಲೇ ನಿಯಮ ಮಾಡಿತು. ನೆಲ ಎಷ್ಟು ಅಲುಗಿತು, ತುದಿಗೆ ಹೋಗುವಷ್ಟರಲ್ಲಿ ಅದು ಎಷ್ಟು ಪಟ್ಟಾಯಿತು ಎಂದು ಹೋಲಿಸಿ ನೋಡಲು ಮೂರು ಕಡೆ ಬೇಕು.

ಲೆಕ್ಕ ಹಾಕಿರುತ್ತಾರೆ, ನಿಜ. ಆದರೆ ಕಟ್ಟಿ ನಿಲ್ಲಿಸಿದ ಕಟ್ಟಡ ಕಾಗದದ ಹಾಗೆ ಇರುವುದಿಲ್ಲ. ಲಾಸ್ ಏಂಜಲೀಸ್ ಪಕ್ಕದ ಪಸೆಡೀನಾ ಊರಿನ ತಂತ್ರಜ್ಞಾನ ವಿಶ್ವವಿದ್ಯಾಲಯವಾದ ಕ್ಯಾಲ್‌ಟೆಕ್‌ನಲ್ಲಿ ಮಿಲಿಕನ್ ಲೈಬ್ರರಿ ಎಂಬ ಒಂಬತ್ತು ಮಹಡಿಯ ಕಾಂಕ್ರೀಟ್ ಕಟ್ಟಡವಿದೆ. ಈಗ ಅದರ ಹೆಸರು ಕ್ಯಾಲ್‌ಟೆಕ್ ಹಾಲ್. ಅದರ ತಾರಸಿಯಲ್ಲಿ ಒಂದು ಯಂತ್ರ ಇಟ್ಟಿದ್ದರು: ಎರಡು ದೊಡ್ಡ ಬಕೆಟ್, ಒಳಗೆ ಸೀಸದ ತೂಕ. ಎರಡೂ ಎದುರುಬದುರು ದಿಕ್ಕಿನಲ್ಲಿ ಗಿರ್ರನೆ ತಿರುಗಿದರೆ ಇಡೀ ಕಟ್ಟಡ ಮೆಲ್ಲಗೆ ತೂಗುತ್ತದೆ. 1967ರಲ್ಲಿ ಅದು ಪೂರ್ವ-ಪಶ್ಚಿಮವಾಗಿ ನೂರು ಸೆಕೆಂಡಿಗೆ ಸುಮಾರು 145 ಸಲ ತೂಗುತ್ತಿತ್ತು. 1971ರ ಸ್ಯಾನ್ ಫರ್ನಾಂಡೊ ಭೂಕಂಪದ ನಂತರ ಈ ತೂಗಾಟದ ಲಯ ನಿಧಾನವಾಯಿತು; ಬಿರುಕು ಬಿಟ್ಟು ಕಟ್ಟಡದ ಬಿಗಿ ಸಡಿಲವಾದರೆ ಹೀಗಾಗುತ್ತದೆ. ಸುಮಾರು 35 ವರ್ಷಗಳಲ್ಲಿ ಐದರಲ್ಲೊಂದು ಪಾಲಿಗಿಂತ ಜಾಸ್ತಿಯೇ ಇಳಿಯಿತು. ಆದರೂ ಕಟ್ಟಡ ಬಳಕೆಯಲ್ಲೇ ಇತ್ತು!

ನನಗೆ ಬಹಳ ಹಿಡಿಸಿದ್ದು ಇನ್ನೊಂದು ಸಂಗತಿ. ಜೋರು ಮಳೆ ಸುರಿದರೆ ಆ ಲಯ ಶೇ 3ರವರೆಗೂ ಏರುತ್ತದೆ. ಅಡಿಪಾಯದ ಸುತ್ತಲಿನ ಮಣ್ಣು ನೆನೆಯುವುದೇ ಕಾರಣ ಇರಬಹುದು. ಬಿಸಿಲಿಗೂ ಗಾಳಿಗೂ ಬದಲಾಗುತ್ತದೆ. ಹಾಗಾಗಿ ಭೂಕಂಪ ಆದಮೇಲೆ ಒಂದು ದಿನ ಹೋಗಿ ಅಳೆದರೆ, ಕಂಡದ್ದು ಬಿರುಕಿನ ಗುರುತೋ ಹವೆಯ ಗುರುತೋ ಗೊತ್ತಾಗುವುದಿಲ್ಲ. ನಿಮ್ಮ ಮಾಮೂಲಿ ಬಿಪಿ ಎಷ್ಟೆಂದು ಡಾಕ್ಟರಿಗೆ ಮೊದಲೇ ಗೊತ್ತಿರಬೇಕಲ್ಲ, ಹಾಗೆ.

ಕ್ಯಾಲಿಫೋರ್ನಿಯಾದ ಎಲ್ ಸೆಂಟ್ರೊ ಊರಿನ ಆರು ಮಹಡಿಯ ಕೌಂಟಿ (ಜಿಲ್ಲಾಡಳಿತ) ಕಚೇರಿ ಕಲಿಸಿದ ಪಾಠ ನಮಗೂ ಬೇಕಾದದ್ದು. 1979ರ ಭೂಕಂಪದಲ್ಲಿ ಅದರ ಪೂರ್ವ ತುದಿಯ ಕೆಳಗಿನ ಕಂಬಗಳು ಜಜ್ಜಿಹೋದವು. ಆ ಹೊತ್ತಿನಲ್ಲೂ ಒಳಗಿನ ಮಾಪಕಗಳು ದಾಖಲಿಸುತ್ತಲೇ ಇದ್ದವು. ಮೇಲಿನ ಮಹಡಿಗಳ ಪೂರ್ವದ ಗೋಡೆ ನೆಲದವರೆಗೆ ಇಳಿದಿರಲಿಲ್ಲ. ಎಲ್ಲ ಭಾರ ಕಂಬಗಳ ಮೇಲೆ ಬಿತ್ತು. ಕೊನೆಗೆ ಕಟ್ಟಡವನ್ನೇ ಕೆಡವಿದರು. ಕೆಳಗೆ ಕಾರಿಗೆಂದು ಬರೀ ಕಂಬ, ಮೇಲೆ ಗೋಡೆ ತುಂಬಿದ ಮನೆಗಳು: ಬೆಂಗಳೂರಿನಲ್ಲಿ ಇಂಥವು ಬೀದಿಬೀದಿಗೂ ಇವೆ. 2001ರ ಭುಜ್ ಭೂಕಂಪದಲ್ಲಿ ಅಹಮದಾಬಾದಿನಲ್ಲಿ ಕುಸಿದ ಎಷ್ಟೋ ಕಟ್ಟಡಗಳೂ ಇದೇ ಥರದವು.

ಪೆಟ್ಟಿಗೆ ಕೆಟ್ಟು ಸುಮ್ನೆ ಕೂತಿದ್ದರೆ ಪ್ರಯೋಜನವಿಲ್ಲ. ಅದರ ಬ್ಯಾಟರಿಯನ್ನು ವರ್ಷಾವರ್ಷ ನೋಡುತ್ತಾರಾ ಎಂದು ಕಟ್ಟಡ ನೋಡಿಕೊಳ್ಳುವವರನ್ನು ಮಗಳು ಕೇಳಲಿ. ಹಾಗೆಯೇ ಎತ್ತರದ ಬೀರುಗಳನ್ನು ಗೋಡೆಗೆ ಬಿಗಿಸಿಕೊಳ್ಳಲಿ.